ಹರಕೆಯ ದುಡ್ಡಿನ ಲೆಕ್ಕ

ಅಮ್ಮಾ ಬನಶಂಕರಿ, ಇವತ್ತಿನ ದೀಪದ ನಿಂಬೆಹಣ್ಣು ಸರಿಯಾಗಿ ಮಗುಚಿಲ್ಲ, ಅಂಚು ಹರಿದಿದೆ. ಎದೆಯ ಜೊತೆಗೆ ಕಂಕುಳಿನ ಗಂಟುಗಳನ್ನೂ ತೆಗೆದ ಮೇಲೆ ಎಡಗೈ ಆಗಾಗ ಊದಿಕೊಳ್ಳುತ್ತದೆ. ಹೋಳು ಹಿಂಡಿ ಒಳಹೊರಗು ಮಾಡುವ ಕೆಲಸ ಈಗ ಬಲಗೈಯದೇ. ತುಪ್ಪ ಸೋರದಿದ್ದರೆ ಸಾಕು. ಮಂಗಳವಾರದ ರಾಹುಕಾಲ, ಸಾಲು ಉದ್ದವಿದೆ, ಬೇಗ ಹೇಳಿಬಿಡುತ್ತೇನೆ.

ನಿನ್ನ ಹರಕೆಯ ದುಡ್ಡು ಖರ್ಚಾಯಿತು.

ಬಯಾಪ್ಸಿ ರಿಪೋರ್ಟು ಬಂದ ದಿನ, ಹುಷಾರಾದರೆ ರೇಷ್ಮೆ ಸೀರೆ ಉಡಿಸುತ್ತೇನೆ ಎಂದಿದ್ದೆ. ಸಾಸಿವೆ ಡಬ್ಬಿಯಲ್ಲಿ ತಿಂಗಳು ತಿಂಗಳು ಎತ್ತಿಟ್ಟ ಹಣ. ಕಿದ್ವಾಯಿ ಆಸ್ಪತ್ರೆಯಲ್ಲಿ ರೇಡಿಯೇಷನ್ ಕರೆಂಟು ಕೊಡಿಸಿಕೊಳ್ಳಲು ಕೂತಿದ್ದಾಗ ಪಕ್ಕದಲ್ಲಿ ಲಿಂಗಸುಗೂರು ಕಡೆಯ ಹೆಂಗಸು. “ಔಷಧಕ್ಕ ಕಾರ್ಡ್ ಐತ್ರಿ, ಮಲಗಾಕ ಧರ್ಮಶಾಲಾ ಐತ್ರಿ. ಮನ್ಯಾಗಿನ ಹುಡುಗ್ರ ಹೊಟ್ಟಿಗೆ ಯಾ ಕಾರ್ಡ್ ಐತ್ರಿ ಅಕ್ಕಾರ?” ಎಂದಳು. ಕರೆಂಟು ಕೊಡುವುದು ದಿನಕ್ಕೆ ಕೆಲವೇ ನಿಮಿಷ. ಆದರೆ ವಾರಕ್ಕೆ 5 ದಿನ, ಹಾಗೆ ವಾರಗಟ್ಟಲೆ. ಅಷ್ಟೂ ದಿನ ಕೂಲಿ ಇಲ್ಲ. ಎಂಟನೇ ದಿನಕ್ಕೆ ಬಟ್ಟೆ ಗಂಟು ಕಟ್ಟಿದ್ದಳು. ನಡುವೆ ಬಿಟ್ಟರೆ ಆಪರೇಷನ್ನು, ಕೀಮೋ ಎಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಡಬ್ಬಿ ಬಗ್ಗಿಸಿದೆ.

ಅಲ್ಲಿಗೇ ನಿಲ್ಲಲಿಲ್ಲ ತಾಯಿ. ಅಂಥವರಿಗಾಗಿ ನವರಾತ್ರಿಗೆ ಕೋಡುಬಳೆ ಮಾರಿದೆ. ಹಿಟ್ಟು ನಾದಿದ್ದು ನಾದಿನಿ, ನಾನು ಬರೀ ಹೊಸೆದೆ. ಗೊಂಬೆ ನೋಡಲು ಬಂದವರ ಮುಂದೆಯೂ ಡಬ್ಬಿ ಇಟ್ಟೆ. ಊರಿಗೆ ಬರುತ್ತಿದ್ದ ದಾಸಯ್ಯನಿಗೆ ಶಂಖ ಜಾಗಟೆ ಇತ್ತು, ಬಾಯಿಬಿಟ್ಟು ಕೇಳಬೇಕಿರಲಿಲ್ಲ. ನನಗಿರುವುದು ಗಂಟಲೊಂದೇ, ಅದೂ ಕಟ್ಟುತ್ತದೆ. “ನಿಮ್ಮ ಖರ್ಚಿಗೇ ಬೇಕಾಗತ್ತಲ್ರೀ” ಎಂದರೊಬ್ಬರು. ಕರುಣೆಯೋ ಚುಚ್ಚುಮಾತೋ, ನಿನಗೇ ಗೊತ್ತು.

ಕೆಲವೊಮ್ಮೆ ಬಾಯಿಮಾತೇ ದುಡ್ಡು. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿ ಸರ್ಟಿಫಿಕೇಟ್ ಬರೆಸಿಕೊಂಡರೆ ರೈಲಿನ ಸ್ಲೀಪರಿನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬಂದವರಿಗೆ ಮುಕ್ಕಾಲು ಪಾಲು. ಇದನ್ನು ಸಿಕ್ಕಸಿಕ್ಕವರಿಗೆ ತಮಟೆ ಹೊಡೆದ ಹಾಗೆ ಹೇಳುತ್ತಿದ್ದೇನೆ.

ನನ್ನದೊಂದು ಕೆಟ್ಟ ಚಟ ಬಿಡಿಸು ತಾಯಿ. ಹೆದರಿ ಕೂತವರಿಗೆ “ಏನೂ ಆಗಲ್ಲ ಬಿಡಿ” ಎಂದುಬಿಡುತ್ತೇನೆ. ಆಗುತ್ತದೆ. ಕೆಂಪು ಔಷಧಿ ಇಳಿಸಿದ ಮೇಲೆ ಊಟದ ವಾಸನೆಯೇ ಆಗುವುದಿಲ್ಲ, ಬಾಚಣಿಗೆ ತುಂಬ ಕೂದಲು ಬರುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿ, ಆಮೇಲೆ ಹೊಸದಾಗಿ ಗುಂಗುರಾಗಿ ಬೆಳೆದ ನನ್ನ ತಲೆಯನ್ನು ಮುಟ್ಟಿ ನೋಡಿ ಎನ್ನುವಷ್ಟು ತಾಳ್ಮೆ ಕೊಡು. ದುಡ್ಡು ಕೇಳಿದಾಗ ಕೊಡದೆ ಬಾಗಿಲು ಹಾಕಿಕೊಂಡವರ ಮನೆ ಲೆಕ್ಕ ಇಡದ ಹಾಗೆ ನೋಡಿಕೋ. ಈಗಾಗಲೇ ಮೂರು ಮನೆ ನೆನಪಿದೆ.

ಸೀರೆ ಬಾಕಿ ಬರೆದುಕೋ. ಡಬ್ಬಿಯಲ್ಲಿ ಮತ್ತೆ 1,340 ರೂಪಾಯಿ ಸೇರಿದೆ, ಆದರೆ ಅದರ ಮೇಲೂ ಆಗಲೇ ಬೇರೊಬ್ಬಳ ಹೆಸರಿದೆ. ಹಿಂದಿನವರು ತಳ್ಳುತ್ತಿದ್ದಾರೆ. ಬತ್ತಿ ಹಚ್ಚುತ್ತೇನೆ ತಾಯಿ, ಹರಿದ ಅಂಚನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದೇನೆ.