ಸೂರು ಪಡೆಯಲು ಯೋಗ್ಯತೆ ಬೇಕೆ?

ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸುವ ಗ್ರಾಮಸಭೆಗಳಲ್ಲಿ ಪಟ್ಟಿ ಓದಲು ಶುರುವಾಗುತ್ತಿದ್ದಂತೆ ದನಿಗಳು ಏರುತ್ತವೆ. ‘ಅವನಿಗ್ಯಾಕೆ ಮನೆ? ಇದ್ದ ಎರಡೆಕರೆಯನ್ನೂ ಕುಡಿದು ಕಳೆದವನು.’ ‘ಆಕೆಯ ಮಗ ಬೆಂಗಳೂರಿನಲ್ಲಿ ದುಡೀತಾನಲ್ಲ.’ ‘ಅವರ ಮನೆ ಮುಂದೆ ಬೈಕ್ ನಿಂತಿದೆ, ನೋಡಿಲ್ವಾ?’ 2023ರಲ್ಲಿ ಗ್ಯಾರಂಟಿ ಯೋಜನೆಗಳು ಬಂದ ಮೇಲೆ ಇಂಥದೇ ವಾದ ಹೋಟೆಲು, ಕಟ್ಟೆ, ಟಿ.ವಿ. ಚರ್ಚೆಗಳಲ್ಲೆಲ್ಲ ಕೇಳಿಬರುತ್ತಿದೆ. ಒಬ್ಬರು ಈ ನೆರವನ್ನು ಬಿಟ್ಟಿ ಭಾಗ್ಯ ಎಂದು ಜರೆಯುತ್ತಾರೆ. ಇನ್ನೊಬ್ಬರು ಜನರ ಹಕ್ಕು ಎನ್ನುತ್ತಾರೆ. ಮತ್ತೊಬ್ಬರು ‘ನಿಜವಾದ ಬಡವರಿಗೆ ಕೊಡಲಿ, ಬೇಡ ಅಂದವರ್‍ಯಾರು?’ ಎಂದು ಕೇಳುತ್ತಾರೆ.

ಮೂವರೂ ಒಂದೇ ವಿಷಯಕ್ಕೆ ಜಗಳವಾಡುತ್ತಿರುವಂತೆ ಕಂಡರೂ ಅವರ ಕೈಯಲ್ಲಿರುವ ಅಳತೆಗೋಲುಗಳು ಬೇರೆ ಬೇರೆ. ಬ್ರಿಟಿಷ್ ಚಿಂತಕ ಡೇವಿಡ್ ಮಿಲ್ಲರ್ 1976ರಲ್ಲಿ ಪ್ರಕಟಿಸಿದ ಸಾಮಾಜಿಕ ನ್ಯಾಯದ ಪುಸ್ತಕದಲ್ಲಿ ಈ ಮೂರನ್ನೂ ಬಿಡಿಸಿ ತೋರಿಸಿದರು: ಹಕ್ಕು, ಯೋಗ್ಯತೆ, ಅಗತ್ಯ. ಯಾರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆಗೆ ಈ ಮೂರೂ ಉತ್ತರ ಕೊಡುತ್ತವೆ, ಆದರೆ ಒಂದೇ ಉತ್ತರವನ್ನಲ್ಲ. ಎಲ್ಲಿ ಯಾವುದನ್ನು ಬಳಸಬೇಕು ಎಂದು ತಿಳಿಯದಿದ್ದರೆ ಅನ್ಯಾಯವನ್ನೇ ನ್ಯಾಯವೆಂದು ನಂಬುವ ಅಪಾಯವಿದೆ.

ಮೊದಲು ಯೋಗ್ಯತೆ. ಅಮೆರಿಕದ ತತ್ತ್ವಜ್ಞಾನಿ ಜೋಯಲ್ ಫೈನ್‌ಬರ್ಗ್ 1963ರ ಒಂದು ಪ್ರಬಂಧದಲ್ಲಿ ಅದರ ರಚನೆಯನ್ನು ವಿವರಿಸಿದರು. ಒಬ್ಬರು ಯಾವುದಕ್ಕೋ ಯೋಗ್ಯರು ಎನ್ನುವಾಗ ಅಲ್ಲಿ ಮೂರು ಅಂಶಗಳಿರುತ್ತವೆ: ಯಾರು, ಯಾವುದಕ್ಕೆ, ಯಾವ ಕಾರಣಕ್ಕೆ. ಆ ಕಾರಣ ಆ ವ್ಯಕ್ತಿಯಲ್ಲೇ ಇರಬೇಕು. ಅವರ ಗುಣದಲ್ಲಿ, ಅವರು ಮಾಡಿದ ಕೆಲಸದಲ್ಲಿ. ಚೆನ್ನಾಗಿ ಹಾಡಿದವಳು ಮೆಚ್ಚುಗೆಗೆ ಯೋಗ್ಯಳು. ಮೋಸ ಮಾಡಿದವನು ಶಿಕ್ಷೆಗೆ ಯೋಗ್ಯ. ಎರಡರಲ್ಲೂ ನಾವು ಹಿಂದಿರುಗಿ ನೋಡಿ, ಆಗಿಹೋದದ್ದನ್ನು ತೂಗುತ್ತೇವೆ. ಬಹುಮಾನ, ಬಡ್ತಿ, ಪ್ರಶಂಸೆ, ಶಿಕ್ಷೆಗಳಲ್ಲಿ ಈ ತೂಕ ಸರಿಯಾದದ್ದೇ. ಅಲ್ಲಿ ಅದನ್ನು ಕೈಬಿಟ್ಟರೇ ಅನ್ಯಾಯ.

ಅಗತ್ಯ ಹಿಂದಿರುಗಿ ನೋಡುವುದಿಲ್ಲ. ಅದು ಈಗಿನ ಸ್ಥಿತಿಯನ್ನು ನೋಡುತ್ತದೆ: ಈ ಮನುಷ್ಯನಿಗೆ ಏನಿಲ್ಲ? ಅದಿಲ್ಲದೆ ಅವನ ಗತಿ ಏನು? ಹೆಲ್ಮೆಟ್ ಹಾಕದೆ ಬೈಕ್ ಓಡಿಸಿ ತಲೆ ಒಡೆದುಕೊಂಡ ಹುಡುಗನನ್ನು ಆಸ್ಪತ್ರೆಯ ತುರ್ತು ಘಟಕಕ್ಕೆ ತಂದಾಗ ವೈದ್ಯರು ಮೊದಲು ರಕ್ತ ನಿಲ್ಲಿಸುತ್ತಾರೆ. ತಪ್ಪು ಯಾರದು ಎಂಬ ವಿಚಾರಣೆ ಪೊಲೀಸರದು, ಅದು ಆಮೇಲಿನ ಮಾತು. ವೈದ್ಯರು ಹೀಗೆ ನಡೆದುಕೊಂಡದ್ದಕ್ಕೆ ಹುಡುಗನ ಅಜಾಗರೂಕತೆಯನ್ನು ಬೆಂಬಲಿಸಿದರು ಎಂದು ಯಾರೂ ದೂರುವುದಿಲ್ಲ. ಅಗತ್ಯದ ನ್ಯಾಯ ನಮಗೆ ಗೊತ್ತಿದೆ. ಅನ್ನ, ಸೂರಿನ ಮಾತು ಬಂದಾಗ ಅದನ್ನು ಮರೆಯುತ್ತೇವೆ.

ಮೂರನೆಯದು ಹಕ್ಕು. ಕಾನೂನು ಇಂಥವರಿಗೆ ಇಂಥದ್ದು ಎಂದು ಹೇಳಿದ ಮೇಲೆ ಆ ನಿಯಮಕ್ಕೆ ಹೊಂದುವ ಎಲ್ಲರಿಗೂ ಅದು ಸಲ್ಲಬೇಕು. ಕೊಡುವವರ ಮರ್ಜಿ ಅಲ್ಲಿ ನಡೆಯದು. ನಿಯಮದ ಪ್ರಕಾರ ಅರ್ಹನಾಗುವುದು ಬೇರೆ, ಗುಣದಿಂದ ಯೋಗ್ಯನಾಗುವುದು ಬೇರೆ ಎಂಬುದನ್ನೂ ಫೈನ್‌ಬರ್ಗ್ ಸ್ಪಷ್ಟಪಡಿಸಿದ್ದರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಗ್ರಾಮಗಳ ಶೇ. 75ರಷ್ಟು, ನಗರಗಳ ಶೇ. 50ರಷ್ಟು ಜನರ ತನಕ ಸಬ್ಸಿಡಿ ಧಾನ್ಯವನ್ನು ಕಾನೂನುಬದ್ಧ ಹಕ್ಕಾಗಿಸಿತು. ಸೂರಿನ ವಿಷಯದಲ್ಲೂ ಸುಪ್ರೀಂ ಕೋರ್ಟ್ ಇದೇ ದಿಕ್ಕಿನಲ್ಲಿ ನಡೆದಿದೆ. 1985ರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ಬದುಕುತ್ತಿದ್ದವರ ಅಳಲು ಕೇಳಿದ ಕೋರ್ಟು, ಜೀವನೋಪಾಯದ ಹಕ್ಕು ಬದುಕುವ ಹಕ್ಕಿನೊಳಗೇ ಇದೆ ಎಂದಿತು. ಚಮೇಲಿ ಸಿಂಗ್ ಪ್ರಕರಣದಲ್ಲಿ ವಸತಿಯೂ ಆ ಹಕ್ಕಿನ ಭಾಗ ಎಂದು ಹೇಳಿತು. ಆದರೆ ಓಲ್ಗಾ ಟೆಲ್ಲಿಸ್ ತೀರ್ಪೇ ನೋಟಿಸ್ ಕೊಟ್ಟು ತೆರವು ಮಾಡುವುದನ್ನು ತಡೆಯಲಿಲ್ಲ. ಹಕ್ಕು ಕಾಗದದ ಮೇಲೆ ಬಂದ ಮಾತ್ರಕ್ಕೆ ಗೋಡೆ ಏಳುವುದಿಲ್ಲ.

ಈಗ ನಮ್ಮ ಜಗಳಕ್ಕೆ ಮರಳೋಣ. ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಅಗತ್ಯದ ಪ್ರಶ್ನೆ: ಈ ಕುಟುಂಬಕ್ಕೆ ಮಳೆಗಾಲದಲ್ಲಿ ಮಲಗಲು ಜಾಗವಿದೆಯೇ? ಅಲ್ಲಿ ಕೇಳಿಬರುತ್ತಿರುವುದು ಯೋಗ್ಯತೆಯ ಪ್ರಶ್ನೆ: ಇವನು ಒಳ್ಳೆಯವನೇ, ದುಡಿಯುವವನೇ, ನಮ್ಮವನೇ?

ಈ ಗೊಂದಲಕ್ಕೆ ನಾನೂರು ವರ್ಷಗಳ ಚರಿತ್ರೆಯಿದೆ. ಇಂಗ್ಲೆಂಡಿನ 1601ರ ಬಡವರ ಕಾನೂನು ದುಡಿಯಲಾಗದವರನ್ನೂ ಮೈಯಲ್ಲಿ ಶಕ್ತಿಯಿದ್ದವರನ್ನೂ ಬೇರೆ ಮಾಡಿತು. 1834ರ ತಿದ್ದುಪಡಿ ಇನ್ನೂ ಕಠಿಣವಾಯಿತು: ನೆರವು ಪಡೆಯುವವನ ಬದುಕು ಅತ್ಯಂತ ಬಡ ಕೂಲಿಕಾರನ ಬದುಕಿಗಿಂತಲೂ ಕೀಳಾಗಿರಬೇಕು, ಆಗ ನಿಜವಾಗಿ ಗತಿಯಿಲ್ಲದವರು ಮಾತ್ರ ಬರುತ್ತಾರೆ ಎಂಬುದು ಅದರ ತರ್ಕ. ಅದರಿಂದ ಹುಟ್ಟಿದ ದುಡಿಮೆಮನೆಗಳಲ್ಲಿ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ವಿಭಾಗಗಳಲ್ಲಿ ಇಡುತ್ತಿದ್ದರು.

ಆ ತರ್ಕ ಕನ್ನಡ ನೆಲಕ್ಕೂ ಬಂತು. 1876ರಿಂದ 78ರವರೆಗಿನ ಧಾತು ಈಶ್ವರ ಬರಗಾಲದಲ್ಲಿ ಮೈಸೂರು ಸಂಸ್ಥಾನ, ಬಳ್ಳಾರಿ ಸೀಮೆಗಳಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದಾಗ ಬ್ರಿಟಿಷ್ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಪರಿಹಾರದ ಖರ್ಚು ಇಳಿಸಲು ಹೊರಟರು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಒಂದಿಷ್ಟು ಚಿಲ್ಲರೆಗೆ ಇಳಿಸಿದರು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕಲ್ಲು ಒಡೆಯುವ ದೇಹಕ್ಕೆ ಇಷ್ಟು ಸಾಲದು ಎಂಬ ಅವರ ವಾದದ ನಂತರ ಕೂಲಿ ಏರಿತು. ಅನರ್ಹನೊಬ್ಬ ಉಣ್ಣದಿರಲಿ ಎಂಬ ಎಚ್ಚರಕ್ಕೆ ಹಸಿದವರ ದೇಹವೇ ಪರೀಕ್ಷೆಯ ಕಣವಾಯಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಅಷ್ಟೂ ಸಾವಿಗೆ ಕೂಲಿಯ ದರವೇ ಕಾರಣ ಎನ್ನಲಾಗದು. ಆದರೆ ಯೋಗ್ಯತೆಯನ್ನು ಸಾಬೀತುಮಾಡಿ ಎಂದು ಹಸಿದವರನ್ನು ಕೇಳಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಯೋಗ್ಯತೆಯ ವಾದಕ್ಕೆ ಗಟ್ಟಿಯಾದ ರೂಪವೂ ಒಂದಿದೆ. ಅದನ್ನು ಗೌರವದಿಂದ ಪರಿಶೀಲಿಸಬೇಕು. ತಮ್ಮದಲ್ಲದ ತಪ್ಪಿಗೆ ಕಷ್ಟಕ್ಕೆ ಬಿದ್ದವರಿಗೆ ಸಮಾಜ ನೆರವಾಗಲಿ, ಆದರೆ ಕೈಯಾರೆ ಕೆಡಿಸಿಕೊಂಡವರ ಹೊರೆಯನ್ನು ಇತರರೇಕೆ ಹೊರಬೇಕು? ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ ನ್ಯಾಯ ಸಿದ್ಧಾಂತದಲ್ಲಿ, ಯಾರ ಮನೆಯಲ್ಲಿ ಹುಟ್ಟಿದೆವು, ಎಂಥ ಪ್ರತಿಭೆ ಪಡೆದೆವು ಎಂಬುದು ಯಾರ ಗಳಿಕೆಯೂ ಅಲ್ಲ ಎಂದರು. 1981ರಲ್ಲಿ ಇನ್ನೊಬ್ಬ ತತ್ತ್ವಜ್ಞಾನಿ ರೊನಾಲ್ಡ್ ಡ್ವರ್ಕಿನ್ ಇನ್ನೊಂದು ಗೆರೆ ಎಳೆದರು. ಸಿಡಿಲು ಬಡಿದು ಮನೆ ಉರಿದರೆ ಅದು ಶುದ್ಧ ದುರದೃಷ್ಟ. ಗೊತ್ತಿದ್ದೂ ಜೂಜಾಡಿ ಸೋತರೆ ಅದು ಆಯ್ದುಕೊಂಡ ದುರದೃಷ್ಟ. ಮೊದಲನೆಯದಕ್ಕೆ ಸಮಾಜ ಪರಿಹಾರ ಕೊಡಬೇಕು, ಎರಡನೆಯದು ಅವರವರ ಹೊಣೆ.

ಕೇಳಲು ಸರಿಯೆನಿಸುವ ಈ ಗೆರೆಯನ್ನು ಕೋಲಾರದ ಒಣ ಹೊಲದಲ್ಲಿ ಎಳೆಯಲು ಹೋಗಿ. ರೈತನೊಬ್ಬ ಸಾಲ ಮಾಡಿ ಕೊಳವೆಬಾವಿ ಕೊರೆಸುತ್ತಾನೆ. ನೀರು ಬೀಳುವುದಿಲ್ಲ. ಮತ್ತೆ ಸಾಲ, ಮತ್ತೆ ಬಾವಿ, ಮತ್ತೆ ಬರೀ ಧೂಳು. ಕೊನೆಗೆ ಜಮೀನು ಮಾರಿ ಬೆಂಗಳೂರಿನ ಅಂಚಿನಲ್ಲಿ ಶೀಟಿನ ಶೆಡ್ಡು ಸೇರುತ್ತಾನೆ. ಇದು ಅವನೇ ಆಡಿದ ಜೂಜೇ? ಬಾವಿ ಕೊರೆಸುವ ನಿರ್ಧಾರ ಅವನದೇ. ಆದರೆ ಆ ನಿರ್ಧಾರದ ಹಿಂದೆ ಕುಸಿದ ಅಂತರ್ಜಲವಿದೆ, ಬತ್ತಿದ ಕೆರೆಗಳಿವೆ. ಕೊರೆಸದೆ ಕೂತಿದ್ದರೂ ಬೆಳೆ ಒಣಗುತ್ತಿತ್ತು. ಅವನ ಆಯ್ಕೆಯನ್ನೂ ಅವನ ದುರದೃಷ್ಟವನ್ನೂ ಬಿಡಿಸಿ ಎರಡು ರಾಶಿ ಮಾಡಬಲ್ಲ ಅಧಿಕಾರಿ ಎಲ್ಲಿದ್ದಾನೆ? ಹಾಗೆ ಮಾಡಬೇಕೆಂದರೆ ಅವನು ಆ ರೈತನ ಇಡೀ ಬದುಕನ್ನು ಬಗೆದು ನೋಡಬೇಕಾಗುತ್ತದೆ.

ಹಾಗೆ ಬಗೆಯುವುದೇ ಒಂದು ಅವಮಾನ ಎಂದು ತತ್ತ್ವಜ್ಞಾನಿಗಳಾದ ಜೊನಾಥನ್ ವುಲ್ಫ್ 1998ರಲ್ಲಿ, ಎಲಿಜಬೆತ್ ಆಂಡರ್ಸನ್ 1999ರಲ್ಲಿ ವಾದಿಸಿದರು. ನೆರವು ಬೇಕಾದವನು ‘ನಾನು ಕೈಲಾಗದವನು, ನನ್ನನ್ನು ಯಾರೂ ಕೆಲಸಕ್ಕೆ ಇಟ್ಟುಕೊಳ್ಳರು’ ಎಂದು ಇನ್ನೊಬ್ಬರ ಮುಂದೆ ಒಪ್ಪಿಸಬೇಕಾದರೆ, ಅವನಿಗೆ ಹಣ ಸಿಕ್ಕರೂ ಸಮಾನ ನಾಗರಿಕನ ಸ್ಥಾನ ಉಳಿಯುವುದಿಲ್ಲ. ಸಮಾನತೆಯ ಗುರಿ ಅದೃಷ್ಟದ ಲೆಕ್ಕ ಸರಿಪಡಿಸುವುದಕ್ಕಿಂತ ದೊಡ್ಡದು. ಯಾರೂ ಯಾರ ಮುಂದೆಯೂ ತಲೆ ತಗ್ಗಿಸಿ ನಿಲ್ಲದಂಥ ಸಮಾಜವನ್ನು ಕಟ್ಟುವುದು ಎಂಬುದು ಆಂಡರ್ಸನ್ ಅವರ ನಿಲುವು. ನ್ಯಾಯಬೆಲೆ ಅಂಗಡಿಯ ಮುಂದೆ ಹೆಬ್ಬೆಟ್ಟು ಒತ್ತಿ, ಕಲ್ಲು ಮಣ್ಣಿನ ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸದೆ, ಮತ್ತೆ ಒರೆಸಿ ಮತ್ತೆ ಒತ್ತುವ ಮುದುಕಿಯನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ದುಡಿದೇ ಸವೆದ ಬೆರಳದು.

ಯೋಗ್ಯತೆಯ ಪರೀಕ್ಷೆ ಇನ್ನೊಂದು ಕೇಡನ್ನೂ ತರುತ್ತದೆ: ಬಡವರು ಬಡವರಂತೆಯೇ ಕಾಣಬೇಕೆಂಬ ಒತ್ತಾಯ. 2011ರ ಸಾಮಾಜಿಕ ಆರ್ಥಿಕ ಸಮೀಕ್ಷೆಯ ಆಧಾರದಲ್ಲಿ ಗ್ರಾಮೀಣ ಆವಾಸ್ ಯೋಜನೆಗೆ ಪಟ್ಟಿ ಮಾಡಿದಾಗ ಮನೆಯಲ್ಲಿ ಬೈಕ್, ಫ್ರಿಜ್ ಅಥವಾ ಲ್ಯಾಂಡ್‌ಲೈನ್ ಫೋನ್ ಇದ್ದವರು ತನ್ನಿಂತಾನೇ ಹೊರಬೀಳುತ್ತಿದ್ದರು. ಹತ್ತು ಮೈಲಿ ದೂರದ ಕೂಲಿಗೆ ಹೋಗಲು ಹಳೆಯ ಬೈಕ್ ಕೊಂಡವನು ಸೋರುವ ಸೂರಿನಡಿಯಲ್ಲೇ ಇದ್ದರೂ ಲೆಕ್ಕದಲ್ಲಿ ಅನುಕೂಲಸ್ಥ. ದ್ವಿಚಕ್ರ ವಾಹನದ ಷರತ್ತನ್ನು ತೆಗೆಯುವ ತೀರ್ಮಾನ 2024ರಲ್ಲಿ ಬಂತು. ಅಷ್ಟರವರೆಗೆ ಆ ಷರತ್ತು, ಏಳಿಗೆಗೆ ಹಾಕಿದ ಮೊದಲ ಹೆಜ್ಜೆಗೇ ದಂಡ ವಿಧಿಸುತ್ತಿತ್ತು.

ಇಲ್ಲಿ ಎರಡು ಬಗೆಯ ತಪ್ಪುಗಳನ್ನು ತೂಗಿ ನೋಡಬೇಕು. ಅಗತ್ಯವಿಲ್ಲದವನಿಗೆ ಸಿಗುವುದು ಒಂದು ತಪ್ಪು, ಅಗತ್ಯವಿದ್ದವನಿಗೆ ಸಿಗದಿರುವುದು ಇನ್ನೊಂದು. ನಮ್ಮ ಚರ್ಚೆಯೆಲ್ಲ ಮೊದಲನೆಯದರ ಸುತ್ತಲೇ. ಬಿಪಿಎಲ್ ಕಾರ್ಡ್ ಇಟ್ಟುಕೊಂಡ ಕಾರಿನ ಮಾಲೀಕ ಸುದ್ದಿಯಾಗುತ್ತಾನೆ. ಕಾರ್ಡ್ ರದ್ದಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ವಿಧವೆ ಅಷ್ಟಾಗಿ ಸುದ್ದಿಯಾಗುವುದಿಲ್ಲ. ಮೊದಲ ತಪ್ಪಿನಿಂದ ಬೊಕ್ಕಸಕ್ಕೆ ಕೆಲವು ಕಿಲೋ ಅಕ್ಕಿ ನಷ್ಟ. ಎರಡನೆಯದರಿಂದ ಒಂದು ಮನೆಯ ಒಲೆ ಉರಿಯುವುದಿಲ್ಲ. ಇವೆರಡೂ ಸಮ ಎನ್ನುವುದು ಲೆಕ್ಕಪತ್ರದಲ್ಲಿ ಸರಿಹೋದೀತು, ನೀತಿಯಲ್ಲಿ ಸರಿಹೋಗದು.

ಮನೆ ಅಕ್ಕಿಯಂತಲ್ಲ, ಸಂಖ್ಯೆ ಕಡಿಮೆ. ಎಲ್ಲರಿಗೂ ಒಮ್ಮೆಗೇ ಕೊಡಲಾಗದು, ಆರಿಸಲೇಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆರಿಸೋಣ, ಆದರೆ ಅಗತ್ಯದ ತೀವ್ರತೆಯನ್ನು ನೋಡಿ: ಸೂರೇ ಇಲ್ಲದವರು, ಅಂಗವಿಕಲರು, ಒಂಟಿ ತಾಯಂದಿರು, ತೆರವಿನ ಭಯದಲ್ಲಿರುವ ಕೊಳೆಗೇರಿಯವರು. ಯಾರೇ ಹೋಗಿ ಪರಿಶೀಲಿಸಬಹುದಾದ ಸಂಗತಿಗಳಿವು. ಯಾರ ಗುಣನಡತೆಗೂ ತೀರ್ಪು ಬೇಕಿಲ್ಲ. ಬ್ರಿಟನ್ನಿನ 1977ರ ವಸತಿಹೀನರ ಕಾಯ್ದೆ ಸ್ಥಳೀಯ ಆಡಳಿತಕ್ಕೆ ಮನೆ ಒದಗಿಸುವ ಹೊಣೆ ಹೊರಿಸಿದರೂ, ಉದ್ದೇಶಪೂರ್ವಕವಾಗಿ ಮನೆ ಕಳೆದುಕೊಂಡವರನ್ನು ಬೇರೆ ಮಾಡಿತು. ಬಾಡಿಗೆ ಕಟ್ಟದ್ದು ಉದ್ದೇಶವೋ ಅಸಹಾಯಕತೆಯೋ ಎಂಬ ವ್ಯಾಜ್ಯ ಅಲ್ಲಿನ ಕೋರ್ಟುಗಳಲ್ಲಿ ದಶಕಗಳ ಕಾಲ ನಡೆಯಿತು. ಫಿನ್ಲೆಂಡ್ 2008ರಲ್ಲಿ ಬೇರೆ ದಾರಿ ಹಿಡಿಯಿತು. ಕುಡಿತ ಬಿಟ್ಟ ಮೇಲೆ, ಕೆಲಸ ಹಿಡಿದ ಮೇಲೆ ಮನೆ ಎಂಬ ಕ್ರಮವನ್ನು ತಿರುವಿಹಾಕಿ, ಮೊದಲು ಮನೆ, ಉಳಿದ ನೆರವು ಆಮೇಲೆ ಎಂದಿತು. ಮುಂದಿನ ಒಂದು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ವಸತಿಹೀನರ ಸಂಖ್ಯೆ ಇಳಿಯುತ್ತ ಬಂತು. ಬಾಗಿಲು ಹಾಕಿಕೊಂಡು ನೆಮ್ಮದಿಯಾಗಿ ಮಲಗಲು ಸಾಧ್ಯವಾದವನಿಗೆ ಕುಡಿತ ಬಿಡುವುದೂ ಸುಲಭ ಎಂಬ ವಿವೇಕ ಅದರ ಹಿಂದಿತ್ತು.

‘ತೆರಿಗೆ ಕಟ್ಟುವವರು ನಾವು, ಅನುಭವಿಸುವವರು ಅವರು’ ಎಂಬ ಸಿಟ್ಟಿಗೂ ಉತ್ತರ ಬೇಕು. ಆದಾಯ ತೆರಿಗೆ ಕಟ್ಟುವವರು ಕಡಿಮೆ ಜನ, ನಿಜ. ಆದರೆ ಸೋಪು, ಚಪ್ಪಲಿ, ಮೊಬೈಲ್ ಕರೆನ್ಸಿ ಕೊಳ್ಳುವಾಗ ಬೀಡಿ ಕಟ್ಟುವ ಹೆಂಗಸೂ ಜಿಎಸ್‌ಟಿ ಕಟ್ಟುತ್ತಾಳೆ. ಅವಳು ಮನೆಯಲ್ಲಿ ಮಾಡುವ ಅಡುಗೆ, ಮಕ್ಕಳ ಪಾಲನೆ, ಮುದುಕರ ಆರೈಕೆಗೆ ಯಾವ ಸಂಬಳವೂ ಇಲ್ಲ. ಕೊಡುಗೆಯನ್ನು ಎಣಿಸುವುದಾದರೆ ಇವನ್ನೂ ಎಣಿಸಬೇಕು.

ದುಡಿಯದೆ ಉಣ್ಣಬಾರದು ಎನ್ನುವವರು ಶರಣರ ಕಾಯಕವನ್ನು ನೆನೆಯುತ್ತಾರೆ. ಕಾಯಕದ ಜೊತೆಗೇ ಶರಣರು ದಾಸೋಹವನ್ನೂ ಇಟ್ಟಿದ್ದರು. ದುಡಿಮೆ ಪ್ರತಿಯೊಬ್ಬನೂ ತನಗೆ ತಾನೇ ಹಾಕಿಕೊಳ್ಳುವ ವ್ರತ. ಉಣಬಡಿಸುವಾಗ ಎದುರಿಗೆ ಕೂತವನ ವ್ರತವನ್ನು ವಿಚಾರಿಸುವುದು ದಾಸೋಹವಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಜಾತಿ, ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ನಾಡು ನಮ್ಮದು. ಮಠದ ಪಂಕ್ತಿಯಲ್ಲಿ ನಾವು ಮೆಚ್ಚುವ ನೀತಿ ಸರ್ಕಾರದ ಪಟ್ಟಿಯಲ್ಲೂ ಇರಲಿ.

ಸಾಧ್ಯವಿರುವ ಕಡೆಯೆಲ್ಲ ಪರೀಕ್ಷೆಯನ್ನೇ ಕೈಬಿಡುವುದು ಒಳ್ಳೆಯದು. ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯ ಬಸ್ಸಿನಲ್ಲಿ ರಾಜ್ಯದ ಯಾವ ಹೆಣ್ಣುಮಗಳೂ ತನ್ನ ಬಡತನವನ್ನು ಸಾಬೀತುಮಾಡಬೇಕಿಲ್ಲ. ಗಾರ್ಮೆಂಟ್ಸ್ ಕೆಲಸದವಳೂ ಕಾಲೇಜು ಉಪನ್ಯಾಸಕಿಯೂ ಒಂದೇ ಸೀಟಿನಲ್ಲಿ ಕೂರುತ್ತಾರೆ. ಉಳ್ಳವರಿಗೂ ಸಿಕ್ಕಿತಲ್ಲ ಎಂದರೆ, ಉಳ್ಳವರಿಂದ ಹೆಚ್ಚು ತೆರಿಗೆ ಪಡೆದು ಸರಿತೂಗಿಸುವ ದಾರಿಯಿದೆ. ಬಡವರಿಗೆಂದೇ ಬೇರೆಮಾಡಿದ ಸೇವೆಗಳು ಬರಬರುತ್ತ ಕಳಪೆಯಾಗುತ್ತವೆ ಎಂದು ಬ್ರಿಟನ್ನಿನ ಸಮಾಜ ಚಿಂತಕ ರಿಚರ್ಡ್ ಟಿಟ್‌ಮಸ್ ಎಚ್ಚರಿಸಿದ್ದರು. ಆರಿಸುವುದು ಅನಿವಾರ್ಯವಾದ ಕಡೆ ನಿಯಮ ಸರಳವಾಗಿರಲಿ, ಪಟ್ಟಿ ಎಲ್ಲರಿಗೂ ಕಾಣುವಂತಿರಲಿ, ಬಿಟ್ಟುಹೋದವರಿಗೆ ಮೇಲ್ಮನವಿಯ ದಾರಿ ತೆರೆದಿರಲಿ. ಸುಳ್ಳು ಹೇಳಿ ಪಡೆದವರ ಕಾರ್ಡ್ ಧಾರಾಳವಾಗಿ ರದ್ದಾಗಲಿ, ಅವರ ಮಾತು ಕೇಳಿದ ಮೇಲೆ.

ಯೋಗ್ಯತೆಗೆ ಅದರದೇ ಆದ ಜಾಗವಿದೆ. ಪ್ರಶಸ್ತಿ ಕೊಡುವಾಗ, ನ್ಯಾಯಾಧೀಶರನ್ನು ನೇಮಿಸುವಾಗ, ಮತ ಹಾಕುವಾಗ ಅದನ್ನು ಎಷ್ಟು ಕಟ್ಟುನಿಟ್ಟಾಗಿ ಕೇಳಿದರೂ ತಪ್ಪಿಲ್ಲ. ಅನ್ನ ಮತ್ತು ಸೂರು ಆ ಸಾಲಿಗೆ ಸೇರಿದವಲ್ಲ. ನಿಮ್ಮೂರಿನ ಮುಂದಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ ಹೋಗಿ. ಪಟ್ಟಿ ಓದುವಾಗ ಯಾರದೋ ನಡತೆಯ ಮಾತು ಎದ್ದರೆ ತಡೆದು ಕೇಳಿ: ಈ ಮನೆಯವರಿಗೆ ಇವತ್ತು ರಾತ್ರಿ ಮಲಗಲು ಏನಿದೆ? ಅದಕ್ಕೆ ಉತ್ತರ ಸಿಗುವ ತನಕ ಬೇರೆ ಯಾವ ಪ್ರಶ್ನೆಯನ್ನೂ ಎತ್ತಿಕೊಳ್ಳಲು ಬಿಡಬೇಡಿ.