ನಗರದ ರೈತರು ಏಕೆ ದಂಗೆ ಎದ್ದರು?

ವಿಚಾರಕ್ಕೆ ವಿಷಯ 1830ರ ನಗರ ದಂಗೆ. ಮೈಸೂರು ಸಂಸ್ಥಾನದ ನಗರ ಫೌಜದಾರಿಯ, ಅಂದರೆ ಇಂದಿನ ಶಿವಮೊಗ್ಗ ಸೀಮೆಯ ರೈತರು ಕೂಟ ಕಟ್ಟಿ, ಕಂದಾಯ ಕೊಡೆವು ಎಂದರು. ಕಂದಾಯದ ಭಾರವೇ ಇದಕ್ಕೆ ಕಾರಣವೋ, ಬೇರೆಯದುಂಟೋ ಎಂಬುದು ಸಂಶಯ. ಭಾರಕ್ಕಿಂತ ಅಳತೆ ಕೆಟ್ಟದ್ದೇ ಮುಖ್ಯವೆಂಬುದು ನನ್ನ ಪಕ್ಷ.

ಆಗ ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ತಾಲ್ಲೂಕುಗಳಲ್ಲಿ ಶರತ್ತಿನ ಪದ್ಧತಿ. ಇಂತಿಷ್ಟು ಹಣ ಎತ್ತಿಕೊಡುವೆನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ತಾನೇ ತುಂಬಬೇಕು, ಮಿಕ್ಕಿದರೆ ಸರ್ಕಾರಕ್ಕೆ ಕಟ್ಟಬೇಕು. ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷಕ್ಕಿಂತ ಏರಿರುತ್ತಿತ್ತು. ರೈತರನ್ನು ಹಿಂಸಿಸುವುದಿಲ್ಲ, ನ್ಯಾಯವಾಗಿ ಸಲ್ಲಬೇಕಾದ್ದಕ್ಕಿಂತ ಹೆಚ್ಚು ವಸೂಲು ಮಾಡುವುದಿಲ್ಲ ಎಂಬ ಮಾತೂ ಅದೇ ಮುಚ್ಚಳಿಕೆಯಲ್ಲಿತ್ತು. ಮೊದಲ ಮಾತಿಗೆ ತಪ್ಪಿದರೆ ಅಮಲ್ದಾರನ ಕೈಯಿಂದಲೇ ಹಣ ಹೋಗುತ್ತಿತ್ತು; ಎರಡನೆಯದಕ್ಕೆ ತಪ್ಪಿದರೆ ಕೇಳುವವರಿರಲಿಲ್ಲ. ಇಂಥ ಕರಾರಿನಲ್ಲಿ ಸುಲಿಗೆ ಅಮಲ್ದಾರನ ದುರ್ಗುಣವಾಗಿ ಉಳಿಯದೆ ಅವನ ಕೆಲಸವೇ ಆಗಿಬಿಟ್ಟಿತು.

ಶರತ್ತು ಬೇರೆ ಸೀಮೆಗಳಲ್ಲೂ ಇತ್ತಲ್ಲ, ನಗರವೇ ಏಕೆ ಸಿಡಿದೆದ್ದಿತು ಎಂದು ಕೇಳಬಹುದು. ಇದು ಗಟ್ಟಿಯಾದ ಆಕ್ಷೇಪ. ನಗರದವರ ಕೈಯಲ್ಲಿ ಹೋಲಿಸಿ ನೋಡಲು ಅಳತೆಯೊಂದಿತ್ತು: 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಭೂಮಿಯ ಗುಣ ನೋಡಿ ಗೊತ್ತುಮಾಡಿದ ಶಿಸ್ತು. ಗದ್ದೆಗೆ, ಅಡಿಕೆ ತೋಟಕ್ಕೆ ಇಷ್ಟು ನ್ಯಾಯ, ಇದರಾಚೆಗಿನದು ಅನ್ಯಾಯ ಎಂದು ಹೇಳಬಲ್ಲ ರೈತ ಬಹುಕಾಲ ಬಾಯಿ ಮುಚ್ಚಿಕೊಂಡಿರಲಾರ. ಬ್ರಿಟಿಷ್ ವಸಾಹತಾಗಿದ್ದ ಉತ್ತರ ಕೆರೊಲಿನಾದಲ್ಲೂ 1760ರ ದಶಕದಲ್ಲಿ ಹೀಗೇ ಆಯಿತು. ರೆಗ್ಯುಲೇಟರ್‌ಗಳೆನಿಸಿಕೊಂಡ ರೈತರು, ಕಾನೂನಿನ ಶುಲ್ಕಕ್ಕಿಂತ ಹೆಚ್ಚು ಕಿತ್ತ ಅಧಿಕಾರಿಗಳಿಂದಲೂ ತೆರಿಗೆ ಹಣ ನುಂಗಿದ ಶೆರಿಫರಿಂದಲೂ ಲೆಕ್ಕ ಕೇಳಿದರು. ಅರ್ಜಿಗಳು ಫಲಿಸಲಿಲ್ಲ. 1771ರ ಮೇ 16ರಂದು ಅಲಮ್ಯಾನ್ಸ್‌ನಲ್ಲಿ ಗವರ್ನರ್ ಟ್ರೈಯನ್ನನ ಪಡೆ ಅವರನ್ನು ಸೋಲಿಸಿತು.

ಕೆಳದಿ ವಂಶದವನೆಂದು ಹೇಳಿಕೊಂಡ ಬೂದಿಬಸಪ್ಪನೂ ತರೀಕೆರೆಯ ರಂಗಪ್ಪನಾಯಕನೂ ಗದ್ದುಗೆಯ ಆಸೆಗೆ ಜನರನ್ನು ಎತ್ತಿಕಟ್ಟಿದರೆಂಬ ವಾದವಿದೆ. ಆಸೆ ಇದ್ದದ್ದು ನಿಜ. ಆದರೆ ಬೂದಿಬಸಪ್ಪ ರೈತರಿಗೆ ಕೊಟ್ಟ ಭರವಸೆ ಬಾಕಿಯ ಮನ್ನಾ. ವಂಶದ ಹೆಸರೊಂದೇ ಸಾಲದೆಂದು ಅವನಿಗೂ ಗೊತ್ತಿತ್ತು.

ಅರಸರ ದುಂದುಗಾರಿಕೆಯೇ ಕಾರಣವೆಂಬ ಈಸ್ಟ್ ಇಂಡಿಯಾ ಕಂಪನಿಯ ಮಾತು ಅರ್ಧ ಸತ್ಯ. 1799ರ ಒಪ್ಪಂದದಂತೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕಂಪನಿಗೇ ಸಲ್ಲಬೇಕಿತ್ತು. ಅದೂ ರೈತನ ಗದ್ದೆಯಿಂದಲೇ ಬರಬೇಕು.

1831ರಲ್ಲಿ ಆಡಳಿತ ಕಂಪನಿಯ ಕೈಸೇರಿತು. ಮಾರ್ಕ್ ಕಬ್ಬನ್ 1834ರಿಂದ ಕಮಿಷನರ್. ಅವನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳೇ 769. ಅಳತೆ ಎಷ್ಟು ಕೆಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಂಥವನ್ನು ವಸೂಲು ಮಾಡುತ್ತಿದ್ದ ಅಮಲ್ದಾರನೇ ತಾಲ್ಲೂಕಿನಲ್ಲಿ ರೈತನ ದೂರನ್ನೂ ಕೇಳಬೇಕಾದವನಾಗಿದ್ದ.