ಸುರುಳಿ, ಬತ್ತಿ, ಉಸಿರು: ಕೈಯಾರೆ ಕಟ್ಟುವ ವೇಪ್ ಟ್ಯಾಂಕಿನ ಮೀಮಾಂಸೆ

ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ವಿಚಾರಿಸಲು ನಮ್ಮ ಮೀಮಾಂಸಕರು ಅಧಿಕರಣ ಎಂಬ ಚೌಕಟ್ಟು ಕಟ್ಟಿಕೊಟ್ಟಿದ್ದಾರೆ. ಮೊದಲು ವಿಷಯ, ಆಮೇಲೆ ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಕೊನೆಗೆ ಪ್ರಯೋಜನ. ಎದುರಾಳಿಯ ಮಾತನ್ನು ಅದರ ಪೂರ್ಣ ಬಲದಲ್ಲಿ ಹೇಳದೆ ಉತ್ತರಕ್ಕೆ ಕೈ ಹಾಕಬಾರದು ಎಂಬುದು ಅದರ ಶಿಸ್ತು. ಈ ಶಿಸ್ತು ಯಜ್ಞದ ವಿಧಿಗಳಿಗೆ ಮಾತ್ರ ಮೀಸಲಲ್ಲ. ಬೆರಳ ತುದಿಯಷ್ಟು ತಂತಿಯ ಸುರುಳಿಗೂ ಅದರೊಳಗೆ ತೂರಿಸುವ ಹತ್ತಿಗೂ ಅದು ಒಪ್ಪುತ್ತದೆ.

ಪಶ್ಚಿಮ ಬೆಂಗಳೂರಿನಲ್ಲಿ ನಿಂತು ಈ ವಿಚಾರ ಎತ್ತಲು ಕಾರಣವಿದೆ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಗಲ್ಲಿಗಳಲ್ಲಿ ತಂತಿ ಸುತ್ತುವುದು, ಮೋಟಾರ್ ವೈಂಡಿಂಗ್, ಹೀಟರ್ ರಿಪೇರಿ ಹೊಟ್ಟೆಪಾಡಿನ ಕೆಲಸಗಳು. ಲೋಹ, ಶಾಖ, ವಿದ್ಯುತ್ತು ಮೂರೂ ಇಲ್ಲಿನ ಕೈಗಳಿಗೆ ಗೊತ್ತು. ಇಂಥ ಕಡೆ ಬೆಳೆದ ಹುಡುಗನಿಗೆ ವೇಪ್, ಅಂದರೆ ಇ-ಸಿಗರೇಟಿನ, ಟ್ಯಾಂಕು ಸಿಕ್ಕರೆ ಅವನು ಅದನ್ನು ಸೇದುವ ಮುಂಚೆ ಬಿಚ್ಚಿ ನೋಡುತ್ತಾನೆ. ಆ ಕುತೂಹಲವನ್ನು ಗೌರವಿಸಿಯೇ ಉತ್ತರ ಕೊಡಬೇಕು.

ವಿಷಯ

ರೀಬಿಲ್ಡಬಲ್ ಟ್ಯಾಂಕ್ ಆಟೊಮೈಸರ್ ಎಂದರೆ ಕಾಯಿಲನ್ನೂ (ತಂತಿಯ ಸುರುಳಿ) ಬತ್ತಿಯನ್ನೂ ಬಳಸುವವನೇ ಕಟ್ಟಿಕೊಳ್ಳುವ ವೇಪ್ ಟ್ಯಾಂಕು. ಕೆಳಗೆ ಬ್ಯಾಟರಿಯ ಪೆಟ್ಟಿಗೆ. ಅದರ ಮೇಲೆ ಟ್ಯಾಂಕಿನ ತಳವನ್ನು ತಿರುಪಿ ಕೂರಿಸುತ್ತಾರೆ. ತಳದ ಮೇಲೆ ಎರಡು ಪುಟ್ಟ ಕಂಬ, ಕಂಬಗಳ ನಡುವೆ ತಂತಿಯ ಸುರುಳಿ, ಸುರುಳಿಯ ಹೊಟ್ಟೆಯಲ್ಲಿ ಹತ್ತಿ. ಹತ್ತಿಯ ಎರಡು ತುದಿಗಳು ಕಿಂಡಿಗಳ ಮೂಲಕ ದ್ರವಕ್ಕೆ ಇಳಿಯುತ್ತವೆ. ಎಲ್ಲದರ ಮೇಲೆ ಚಿಮಣಿ, ಸುತ್ತ ಗಾಜಿನ ಟ್ಯಾಂಕು.

ತಂತಿ ಸಾಮಾನ್ಯವಾಗಿ ಮೂರು ಬಗೆ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಕಂಥಾಲ್. ನಿಕಲ್ ಮತ್ತು ಕ್ರೋಮಿಯಂ ಸೇರಿದ ನೈಕ್ರೋಮ್. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ನೈಕ್ರೋಮಿಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ಕಂಥಾಲ್ 1920ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿತು. ಎರಡೂ ಹುಟ್ಟಿದ್ದು ಒಲೆ, ಕುಲುಮೆ, ಹೀಟರುಗಳಿಗಾಗಿ.

ಲೆಕ್ಕ ಹೀಗೆ. 0.32 ಮಿ.ಮೀ. ದಪ್ಪದ ಕಂಥಾಲ್ ತಂತಿಗೆ ಮೀಟರಿಗೆ ಸುಮಾರು 18 ಓಮ್ ರೋಧ. 3 ಮಿ.ಮೀ. ಕಡ್ಡಿಯ ಮೇಲೆ ಆರು ಸುತ್ತು ಸುತ್ತಿ, ಎರಡು ಕಾಲುಗಳಿಗೆ 5 ಮಿ.ಮೀ.ಯಂತೆ ಬಿಟ್ಟರೆ ತಂತಿಯ ಉದ್ದ ಸುಮಾರು 73 ಮಿ.ಮೀ., ರೋಧ 1.3 ಓಮ್. 3.7 ವೋಲ್ಟಿನ ಬ್ಯಾಟರಿಗೆ ಸೇರಿಸಿದರೆ ಹತ್ತು ವ್ಯಾಟಿಗೆ ತುಸು ಹೆಚ್ಚು. ಅದೇ ಆರು ಸುತ್ತನ್ನು 0.4 ಮಿ.ಮೀ. ತಂತಿಯಲ್ಲಿ ಸುತ್ತಿದರೆ 0.85 ಓಮ್, ಹದಿನಾರು ವ್ಯಾಟು. ರೋಧ ಇಳಿದಷ್ಟೂ ಕರೆಂಟು ಏರುತ್ತದೆ. ರೋಧವನ್ನು 0.1 ಓಮಿಗೆ ಇಳಿಸಿ ಕರೆಂಟನ್ನು ತಡೆಯುವ ಸರ್ಕಿಟ್ಟೂ ಇಲ್ಲದೆ ಹಚ್ಚಿದರೆ, ಪೂರ್ತಿ ಚಾರ್ಜಾದ ಬ್ಯಾಟರಿಯಿಂದ 42 ಆಂಪಿಯರ್ ಎಳೆದಂತೆ. 18650 ಎಂಬ ಸಾಮಾನ್ಯ ಬ್ಯಾಟರಿಗೆ ಅದು ತಡೆಯಲಾಗದ ಹೊರೆ; ಬ್ಯಾಟರಿ ಕಾದು ಸಿಡಿಯುವುದು ಇಂಥಲ್ಲೇ.

ಸುತ್ತಿದ ಮೇಲೆ ಹದ ಮಾಡುವ ಕೆಲಸ. ಬತ್ತಿ ಹಾಕುವ ಮೊದಲು ಕಡಿಮೆ ವ್ಯಾಟಿನಲ್ಲಿ ಸುರುಳಿಯನ್ನು ಬಿಟ್ಟುಬಿಟ್ಟು ಕಾಯಿಸಿ, ಪಿಂಗಾಣಿ ತುದಿಯ ಚಿಮುಟದಿಂದ ಸವರಬೇಕು. ಕೆಂಪು ನಡುವಿನಿಂದ ಹೊರಟು ಎರಡೂ ಕಡೆಗೆ ಸಮನಾಗಿ ಹಬ್ಬಬೇಕು. ಒಂದೇ ಸುತ್ತು ಮೊದಲು ಕೆಂಪಾದರೆ ಅಲ್ಲಿ ತಂತಿ ಸರಿಯಾಗಿ ಕೂತಿಲ್ಲ. ಬತ್ತಿಯದು ಇನ್ನೂ ಸೂಕ್ಷ್ಮ. ಹತ್ತಿಯನ್ನು ಎಳೆದರೆ ಸುರುಳಿಯೊಳಗೆ ತುಸು ತಡೆಯುತ್ತ ಜಾರಬೇಕು. ಬಿಗಿಯಾದರೆ ದ್ರವ ಏರದೆ ಬತ್ತಿ ಒಣಗುತ್ತದೆ, ಸಡಿಲವಾದರೆ ಗಾಳಿಯ ತೂತಿನಿಂದ ಸೋರುತ್ತದೆ. ತುದಿಗಳನ್ನು ಬಾಚಿ ತೆಳುಮಾಡಿ ಕಿಂಡಿಯನ್ನು ಮುಚ್ಚುವಷ್ಟೇ ಇಡಬೇಕು, ತುರುಕಬಾರದು. ಟ್ಯಾಂಕಿನೊಳಗೆ ದ್ರವದ ಮೇಲಿರುವ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆಯಿರುವ ತನಕ ದ್ರವ ನಿಲ್ಲುತ್ತದೆ. ಸೇದಿದಾಗ ದ್ರವ ಬತ್ತಿಗೆ ಬಂದು, ಅದರ ಜಾಗಕ್ಕೆ ಗಾಳಿಯ ಗುಳ್ಳೆಯೊಂದು ಒಳಹೋಗುತ್ತದೆ. ತುಂಬಿಸುವಾಗ ಗಾಳಿಕಿಂಡಿ ಮುಚ್ಚಬೇಕೆನ್ನುವುದು ಈ ಸಮತೋಲಕ್ಕಾಗಿಯೇ.

ದ್ರವದಲ್ಲಿರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ಬಹಳ ಸಲ ನಿಕೋಟಿನ್ ಕೂಡ. ಮೊದಲನೆಯದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಗ್ಲಿಸರಿನ್ 290ರಲ್ಲಿ. ಗ್ಲಿಸರಿನ್ ಇಪ್ಪತ್ತು ಪಟ್ಟಿಗೂ ಮೀರಿ ಮಂದ. ಆದ್ದರಿಂದ ಗ್ಲಿಸರಿನ್ ಹೆಚ್ಚಿದಂತೆ ಬತ್ತಿಗೆ ದ್ರವ ಏರುವುದು ನಿಧಾನ, ಆದರೆ ಆವಿಯಾಗಲು ಬೇಕಾದ ಶಾಖ ಹೆಚ್ಚು. ಕಟ್ಟುವವನ ಜಾಣ್ಮೆಯೆಲ್ಲ ಈ ಎರಡರ ನಡುವೆ ನಿಂತಿದೆ.

ಸಂಶಯ

ಕೈ ಪಳಗಿ, ಲೆಕ್ಕ ತಪ್ಪದೆ, ಹತ್ತಿ ಹದವಾಗಿ ಕೂತರೆ ಈ ಯಂತ್ರದ ಆವಿಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳಬಹುದೇ? ಕುಶಲತೆ ಸುರಕ್ಷತೆಗೆ ಪ್ರಮಾಣವಾಗುತ್ತದೆಯೇ, ಇಲ್ಲವೇ?

ಪೂರ್ವಪಕ್ಷ

ಆಗುತ್ತದೆ ಎನ್ನುವವರ ವಾದ ಇದು. ಸಿಗರೇಟಿನಲ್ಲಿ ಎಲೆ ಸುಡುತ್ತದೆ. ಟಾರು, ಕಾರ್ಬನ್ ಮಾನಾಕ್ಸೈಡು ಹುಟ್ಟುವುದು ಆ ಸುಡುವಿಕೆಯಿಂದ. ಇಲ್ಲಿ ಸುಡುವುದಿಲ್ಲ, ಕಾಯಿಸುತ್ತಾರೆ. ಕಾರ್ಖಾನೆಯ ಮುಚ್ಚಿದ ಕಾಯಿಲಿನಲ್ಲಿ ಯಾವ ತಂತಿ, ಯಾವ ಅಂಟು ಇದೆಯೋ ತಿಳಿಯದು. ಕೈಯಾರೆ ಕಟ್ಟಿದರೆ ತಂತಿಯೂ ಹತ್ತಿಯೂ ಕಣ್ಣೆದುರೇ ಇರುತ್ತವೆ, ಬೇಕೆಂದಾಗ ಬದಲಾಯಿಸಬಹುದು, ವ್ಯಾಟು ಇಳಿಸಬಹುದು. ಸೇದುವವನ ಹತೋಟಿ ಇಷ್ಟು ಪೂರ್ಣವಾಗಿರುವ ಸಾಧನ ಬೇರೊಂದಿಲ್ಲ.

ಸಿದ್ಧಾಂತ

ಕುಶಲತೆ ಪ್ರಮಾಣವಾಗುವುದು ಅಳೆಯಲು ಬರುವ ವಸ್ತುವಿನಲ್ಲಿ ಮಾತ್ರ. ಕಟ್ಟುವವನ ಕೈಯಲ್ಲಿ ಓಮ್ ಮೀಟರಿದೆ, ವ್ಯಾಟಿನ ಅಂಕಿಯಿದೆ, ಸುತ್ತುಗಳ ಎಣಿಕೆಯಿದೆ. ಇವೆಲ್ಲ ಅಳೆಯುವುದು ತಂತಿಯನ್ನು. ಉಸಿರಿನೊಂದಿಗೆ ಒಳಹೋಗುವುದು ಆವಿ. ಅದರಲ್ಲಿ ಏನಿದೆ ಎಂದು ತಿಳಿಸುವ ಒಂದು ಉಪಕರಣವೂ ಅವನ ಮೇಜಿನ ಮೇಲಿಲ್ಲ.

ಕಾರಣ ಬತ್ತಿಯಲ್ಲೇ ಇದೆ. ಒದ್ದೆಯಿರುವ ತನಕ ದ್ರವದ ಕುದಿತವೇ ತಂತಿಯ ಶಾಖಕ್ಕೆ ಮಿತಿ ಹಾಕುತ್ತದೆ. ಒಂದು ಕಡೆ ಬತ್ತಿ ಒಣಗಿತೆಂದರೆ ಅಲ್ಲಿ ಆ ಕಾವಲಿಲ್ಲ. ಶಾಖ ಏರಿ ಗ್ಲಿಸರಿನ್ ಒಡೆದು ಆಕ್ರೋಲಿನ್ ಆಗುತ್ತದೆ, ಫಾರ್ಮಾಲ್ಡಿಹೈಡು, ಅಸಿಟಾಲ್ಡಿಹೈಡುಗಳೂ ಹುಟ್ಟುತ್ತವೆ, ಹತ್ತಿಯೇ ಕರಕಾಗುತ್ತದೆ. ತಂತಿಯ ಲೋಹವೂ ಸುಮ್ಮನಿರುವುದಿಲ್ಲ. ಮತ್ತೆ ಮತ್ತೆ ತುಂಬಿಸುವ ಟ್ಯಾಂಕುಗಳನ್ನು ಅವುಗಳ ಬಳಕೆದಾರರಿಂದಲೇ ಪಡೆದು ಪರೀಕ್ಷಿಸಿದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು, ಆವಿಯಲ್ಲಿ ಸೀಸ, ನಿಕಲ್, ಕ್ರೋಮಿಯಂ ಇದ್ದುದನ್ನು 2018ರಲ್ಲಿ ಪ್ರಕಟಿಸಿದರು. ಸೀಸೆಯ ದ್ರವಕ್ಕಿಂತ ಕಾದ ಸುರುಳಿಯನ್ನು ದಾಟಿದ ಆವಿಯಲ್ಲೇ ಈ ಲೋಹಗಳ ಪ್ರಮಾಣ ಹೆಚ್ಚಿತ್ತು. ಹಾಗಾಗಿ ಸಿದ್ಧಾಂತ ಇಷ್ಟು: ಈ ಕೈಕೆಲಸದ ವಿದ್ಯೆ ನಿಜ, ಆದರೆ ಅದರಿಂದ ಉಸಿರಿಗೆ ಸುರಕ್ಷತೆಯ ಭರವಸೆ ಹುಟ್ಟುವುದಿಲ್ಲ.

ಆಕ್ಷೇಪ, ಸಮಾಧಾನ

ಮೊದಲ ಆಕ್ಷೇಪ: "ಬತ್ತಿ ಒಣಗಿದರೆ ಗಂಟಲು ಕೆರೆದು ತಕ್ಷಣ ಗೊತ್ತಾಗುತ್ತದೆ, ಯಾರೂ ಎರಡನೇ ಸಲ ಎಳೆಯುವುದಿಲ್ಲ." ಇದರಲ್ಲಿ ಸತ್ಯಾಂಶವಿದೆ. 2015ರಲ್ಲಿ ಹೆಚ್ಚಿನ ವೋಲ್ಟೇಜಿನಲ್ಲಿ ಫಾರ್ಮಾಲ್ಡಿಹೈಡು ತೋರಿಸಿದ ಪ್ರಯೋಗದ ಮೇಲೆ ಇದೇ ಟೀಕೆ ಬಂತು: ಅಂಥ ಕಮಟನ್ನು ಮನುಷ್ಯ ಸೇದಲಾರ ಎಂದು. ಟೀಕೆ ನ್ಯಾಯವೇ. ಆದರೆ ನಾಲಿಗೆ ಹಿಡಿಯುವುದು ಪೂರ್ತಿ ಒಣಗಿದ ಬತ್ತಿಯನ್ನು. ಸುರುಳಿಯ ಒಂದು ಮೂಲೆ ಮಾತ್ರ ಅರೆಒಣಗಿದಾಗ, ಮೆಂಥಾಲ್ ಮತ್ತು ಹಣ್ಣಿನ ಪರಿಮಳಗಳ ಮರೆಯಲ್ಲಿ, ನಾಲಿಗೆ ಮೋಸಹೋಗಬಹುದು. ಲೋಹದ ಕಣಗಳಿಗಂತೂ ಆ ಪ್ರಮಾಣದಲ್ಲಿ ರುಚಿಯೂ ಇಲ್ಲ, ವಾಸನೆಯೂ ಇಲ್ಲ.

ಎರಡನೆಯದು: "ಶಾಖ ನಿಯಂತ್ರಿಸುವ ಪೆಟ್ಟಿಗೆಗಳಿವೆ. ಸ್ಟೀಲ್ ತಂತಿ ಹಾಕಿ ಡಿಗ್ರಿ ನಿಗದಿ ಮಾಡಿದರೆ ಸಾಕು." ಆ ಪೆಟ್ಟಿಗೆ ಶಾಖವನ್ನು ನೇರವಾಗಿ ಅಳೆಯುವುದಿಲ್ಲ. ಕಾದಂತೆ ತಂತಿಯ ರೋಧ ಏರುವುದನ್ನು ನೋಡಿ ಊಹಿಸುತ್ತದೆ. 316 ಸ್ಟೀಲಿನಲ್ಲಿ ಈ ಏರಿಕೆ ಡಿಗ್ರಿಗೆ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. 0.5 ಓಮಿನ ಸುರುಳಿಯಲ್ಲಿ ಕಂಬದ ಸ್ಕ್ರೂ ತುಸು ಸಡಿಲಾಗಿ 0.01 ಓಮ್ ವ್ಯತ್ಯಾಸವಾದರೆ ಓದು ಇಪ್ಪತ್ತು ಡಿಗ್ರಿಗೂ ಮೀರಿ ತಪ್ಪುತ್ತದೆ. ಅದಕ್ಕಿಂತ ದೊಡ್ಡ ದೋಷ, ಪೆಟ್ಟಿಗೆಗೆ ಸಿಗುವುದು ಇಡೀ ತಂತಿಯ ಸರಾಸರಿ. ಐದು ಸುತ್ತು ತಂಪಾಗಿದ್ದು ಒಂದು ಸುತ್ತು ಉರಿಯುತ್ತಿದ್ದರೂ ಸರಾಸರಿ ಸಭ್ಯವಾಗಿಯೇ ಕಾಣುತ್ತದೆ. ಕೆಡುಕು ಹುಟ್ಟುವುದು ಆ ಒಂದು ಸುತ್ತಿನಲ್ಲಿ.

ಮೂರನೆಯದು: "ಮನೆಯಲ್ಲಿ ಸೊಳ್ಳೆಗೆ ಹಚ್ಚುವ ಲಿಕ್ವಿಡ್ ಯಂತ್ರವೂ ಬತ್ತಿ ಕಾಯಿಸುವುದೇ ಅಲ್ಲವೇ?" ಹೌದು. ಆದರೆ ಅಲ್ಲಿ ಬತ್ತಿಯನ್ನು ಹೀಟರ್ ಮುಟ್ಟುವುದಿಲ್ಲ, ಸುತ್ತ ಬಳೆಯಂತೆ ನಿಂತು ಕಾಯಿಸುತ್ತದೆ; ಶಾಖವನ್ನು ಕಾರ್ಖಾನೆಯೇ ನಿಗದಿ ಮಾಡಿ ಮುಚ್ಚಿರುತ್ತದೆ; ಆವಿ ಕೋಣೆಯ ಗಾಳಿಯಲ್ಲಿ ಚದುರುತ್ತದೆ. ಅಷ್ಟಿದ್ದೂ ಕಿಟಕಿ ತೆರೆದಿಡಿ ಎನ್ನುತ್ತೇವೆ. ಆ ಯಂತ್ರಕ್ಕೆ ಬಾಯಿಟ್ಟು ಯಾರೂ ಎಳೆಯುವುದಿಲ್ಲ.

ನಾಲ್ಕನೆಯದು ಗಂಭೀರವಾದುದು: "ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೇ 2015ರಲ್ಲಿ ವೇಪಿಂಗ್ ಸಿಗರೇಟಿಗಿಂತ ಶೇ. 95ರಷ್ಟು ಕಡಿಮೆ ಹಾನಿಕರ ಎಂದಿತು. ಸಿಗರೇಟು ಬಿಡಿಸಲು ಅದು ಗಮ್ಮಿನಂಥ ನಿಕೋಟಿನ್ ಬದಲಿಗಳಿಗಿಂತ ಹೆಚ್ಚು ನೆರವಾಗುತ್ತದೆಂದು ವೈದ್ಯಕೀಯ ಅಧ್ಯಯನಗಳನ್ನು ಒರೆಹಚ್ಚುವ ಕಾಕ್ರೇನ್ ಪರಾಮರ್ಶೆಯೂ ಹೇಳುತ್ತದೆ." ಎರಡನ್ನೂ ಅಲ್ಲಗಳೆಯುವಂತಿಲ್ಲ, ಶೇ. 95 ಎಂಬ ಅಂಕಿ ತಜ್ಞರ ಅಂದಾಜು, ಅಳತೆಯಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ಆ ದೇಶದಲ್ಲಿ ನಿಕೋಟಿನ್ ದ್ರವಕ್ಕೆ ಮಿಲಿಲೀಟರಿಗೆ 20 ಮಿಲಿಗ್ರಾಂ ಮಿತಿ, ಟ್ಯಾಂಕಿಗೆ 2 ಮಿಲಿಲೀಟರ್ ಮಿತಿ, ಮಾರುವ ಮೊದಲು ನಿಯಂತ್ರಕರಿಗೆ ವಿವರ ಸಲ್ಲಿಸುವ ಕಟ್ಟಳೆ ಇವೆ. ವಿಜಯನಗರದಲ್ಲೋ ಕೆಂಗೇರಿಯಲ್ಲೋ ಕಳ್ಳದಾರಿಯಲ್ಲಿ ಕೈಸೇರುವ ಸೀಸೆಗೆ ಇದಾವುದೂ ಅನ್ವಯಿಸದು. ಪರಿಚಯವಿಲ್ಲದ ದ್ರವದ ಬೆಲೆ ಏನೆಂದು ಅಮೆರಿಕ ಕಂಡಿದೆ: 2020ರ ಫೆಬ್ರವರಿ ಹೊತ್ತಿಗೆ ವೇಪಿಂಗ್‌ಗೆ ನಂಟಿರುವ ಶ್ವಾಸಕೋಶದ ತೀವ್ರ ಹಾನಿಯಿಂದ 2,807 ಜನ ಆಸ್ಪತ್ರೆ ಸೇರಿದ್ದರು ಅಥವಾ ಸತ್ತಿದ್ದರು, ಸತ್ತವರು 68. ಮುಖ್ಯ ಕಾರಣ ನಿಕೋಟಿನ್ ಅಲ್ಲ. ಅನಧಿಕೃತ ಕೈಗಳಿಂದ ಬಂದ ಗಾಂಜಾಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಸುರುಳಿ ಎಷ್ಟೇ ಚೆನ್ನಾಗಿರಲಿ, ದ್ರವದ ಗುಟ್ಟನ್ನು ಅದು ಹೇಳದು.

ಐದನೆಯದು: "ಗೂಡಂಗಡಿಯಲ್ಲಿ ಬೀಡಿ, ಸಿಗರೇಟು ರಾಜಾರೋಷವಾಗಿ ಸಿಗುವಾಗ ಇದಕ್ಕೆ ಮಾತ್ರ ನಿಷೇಧವೇಕೆ?" ಈ ಅಸಮತೆ ನಿಜ. ಕರ್ನಾಟಕ 2016ರ ಜೂನ್‌ನಲ್ಲೇ ಇ-ಸಿಗರೇಟಿನ ಮಾರಾಟ ನಿಷೇಧಿಸಿತು. ಕೇಂದ್ರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ ಅದೇ ವರ್ಷ ಕಾಯ್ದೆ ಮಾಡಿತು. ಬೀಡಿ ಮಾತ್ರ ಅಂಗಡಿಯಲ್ಲೇ ಉಳಿಯಿತು. ಆದರೆ ಈ ವಾದದಿಂದ ಸಿದ್ಧವಾಗುವುದು ಬೀಡಿ ಸಿಗರೇಟಿನ ಮೇಲೆ ಇನ್ನೂ ಬಿಗಿ ಬೇಕೆಂಬುದೇ ಹೊರತು ಇದು ಒಳ್ಳೆಯದೆಂಬುದಲ್ಲ. ರಾಜ್ಯ ಆ ದಿಕ್ಕಿನಲ್ಲಿ ನಡೆದೂ ಇದೆ: 2025ರಲ್ಲಿ ಜಾರಿಯಾದ ತಿದ್ದುಪಡಿ ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೇರಿಸಿ, ಸಾರ್ವಜನಿಕ ಧೂಮಪಾನದ ದಂಡವನ್ನು 1,000 ರೂಪಾಯಿಗೆ ಏರಿಸಿದೆ.

ಕೊನೆಯದು: "ಕಾಯ್ದೆ ಮಾರುವವನಿಗೆ. ಮನೆಯಲ್ಲಿ ಸುರುಳಿ ಸುತ್ತುವವನಿಗೇನು?" ಕಾಯ್ದೆಯನ್ನು ಓದಿದರೆ ಧೈರ್ಯ ಕುಗ್ಗುತ್ತದೆ. ಬಳಸುವುದನ್ನು ಅದು ಅಪರಾಧವೆಂದು ಹೆಸರಿಸಿಲ್ಲ. ಆದರೆ ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆಗಳ ನಿಷೇಧ ಪೂರ್ತಿ ಸಾಧನಕ್ಕಷ್ಟೇ ಅಲ್ಲ, ಅದರ ಯಾವುದೇ ಭಾಗಕ್ಕೂ ಅನ್ವಯಿಸುತ್ತದೆ. ತಯಾರಿಕೆಯ ವ್ಯಾಖ್ಯೆಯಲ್ಲಿ ಜೋಡಿಸುವುದೂ ಸೇರಿದೆ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ ಮೂರು ವರ್ಷ, ಐದು ಲಕ್ಷದವರೆಗೆ. ಸಿದ್ಧ ವೇಪ್ ಸೇದುವವನು ಬರೀ ಬಳಕೆದಾರ. ತಾನೇ ಸುತ್ತಿ, ಜೋಡಿಸಿ, ಗೆಳೆಯನಿಗೂ ಕಟ್ಟಿಕೊಡುವವನು ಆ ವ್ಯಾಖ್ಯೆಯ ಹೊಸ್ತಿಲಲ್ಲಿ ನಿಂತಿದ್ದಾನೆ. ಕುಶಲತೆ ಇಲ್ಲಿ ರಕ್ಷೆಯಾಗುವ ಬದಲು ಹೊಣೆಯನ್ನು ಹೆಚ್ಚಿಸುತ್ತದೆ.

ಪ್ರಯೋಜನ

ಈ ವಿಚಾರದಿಂದ ಎರಡು ಫಲ. ಒಂದು, ವಿದ್ಯೆಯ ಕುರಿತು. ಓಮನ ನಿಯಮ, ತಂತಿಯ ದಪ್ಪ, ರೋಧದ ಲೆಕ್ಕ, ಬತ್ತಿಯ ಏರಿಳಿತ ಇವನ್ನು ಕಲಿತ ಕೈ ವ್ಯರ್ಥವಾಗಬಾರದು. ಸೋಲ್ಡರಿಂಗ್ ಐರನ್, 3ಡಿ ಪ್ರಿಂಟರಿನ ಬಿಸಿ ಮೂತಿ, ಕುಲುಮೆ, ಪ್ಯಾಕಿಂಗ್ ಯಂತ್ರದ ಸೀಲಿಂಗ್ ಹೀಟರ್ ಎಲ್ಲಕ್ಕೂ ಇಂಥದೇ ತಂತಿ, ಇದೇ ಲೆಕ್ಕ. ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯಗಳಲ್ಲಿ ಅದಕ್ಕೆ ಕೆಲಸವೂ ಇದೆ, ಮರ್ಯಾದೆಯೂ ಇದೆ. ಆ ಸುರುಳಿಗಳ ಶಾಖವನ್ನು ಉಪಕರಣದಿಂದ ಅಳೆಯಬಹುದು. ತಪ್ಪಿದರೆ ಕೆಡುವುದು ಒಂದು ಪ್ಯಾಕೆಟ್ಟು, ಶ್ವಾಸಕೋಶವಲ್ಲ.

ಇನ್ನೊಂದು, ಸಿಗರೇಟು ಬಿಡಲೆಂದೇ ಈ ಟ್ಯಾಂಕು ಹಿಡಿದವರ ಕುರಿತು. ಅವರ ಉದ್ದೇಶ ಒಳ್ಳೆಯದು, ಅವರನ್ನು ಜರಿಯುವುದು ಅನ್ಯಾಯ. 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು; ಬಿಡಬೇಕೆನ್ನುವವರು ಒಂಟಿಯಲ್ಲ. ಔಷಧಿ ಅಂಗಡಿಯಲ್ಲಿ 2 ಮಿಲಿಗ್ರಾಮಿನ ನಿಕೋಟಿನ್ ಗಮ್ ಸಿಗುತ್ತದೆ. ಅದರಲ್ಲಿರುವ ನಿಕೋಟಿನ್ ಎಷ್ಟೆಂಬುದು ಅಳೆದದ್ದು. ಬೆಂಗಳೂರಿನ ನಿಮ್ಹಾನ್ಸ್ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಯ ಕೇಂದ್ರಗಳಲ್ಲೊಂದು. ಸಂಖ್ಯೆ 1800-11-2356, ಕರೆಗೆ ದುಡ್ಡಿಲ್ಲ. ಸುರುಳಿಯನ್ನು ಮತ್ತೊಮ್ಮೆ ಸುತ್ತುವ ಮೊದಲು ಆ ಕರೆಯನ್ನೊಂದು ಮಾಡಿ.